ಹ್ಯಾಮರ್ ಇರುವ ಪಿಸ್ತೂಲು: ಸೊಂಟದಲ್ಲಿಟ್ಟು ಓಡಾಡುವವರಿಗೆ ಯಾವ ಟ್ರಿಗರ್ ಸೂಕ್ತ?

ಪ್ರಶ್ನೆ: ನಾನು ನಗರತ್‌ಪೇಟೆಯಲ್ಲಿ ಚಿನ್ನಾಭರಣ ವ್ಯಾಪಾರಿ. ಅಂಗಡಿ ಮುಚ್ಚಿ ಸ್ಕೂಟರಿನಲ್ಲಿ ಬಸವನಗುಡಿಯ ಮನೆಗೆ ಹೋಗುವಾಗ ಕೆಲವೊಮ್ಮೆ ಮಾಲು ಜೊತೆಗಿರುತ್ತದೆ. ಲೈಸೆನ್ಸ್ ಇದೆ. ತಂದೆಯವರಿಂದ ಬಂದ .32 ಬೋರಿನ ಹಳೆಯ ಕೋಲ್ಟ್ ಇದೆ. ಅದರ ಹ್ಯಾಮರ್ ಹೊರಗೆ ಕಾಣಿಸುವುದಿಲ್ಲ. ಡೀಲರೊಬ್ಬರು ಅದೇ ಬೋರಿನ ಹಳೆಯ ವಾಲ್ಥರ್ ಪಿಪಿ ತೋರಿಸಿದ್ದಾರೆ. ಅಮೆರಿಕದಲ್ಲಿರುವ ತಮ್ಮ, ಎಲ್‌ಇಎಂ ಎಂಬ ಟ್ರಿಗರ್ ಇರುವ ಪಿಸ್ತೂಲೇ ಎಲ್ಲಕ್ಕಿಂತ ಒಳ್ಳೆಯದು ಎನ್ನುತ್ತಾನೆ. ಸಿಂಗಲ್ ಆ್ಯಕ್ಷನ್, ಡಬಲ್ ಆ್ಯಕ್ಷನ್ ಇವುಗಳ ನಡುವೆ ಬಟ್ಟೆಯ ಒಳಗಿಟ್ಟು ಒಯ್ಯಲು ಯಾವುದು ಒಳ್ಳೆಯದು?

ಉತ್ತರ: ಮೊದಲಿಗೆ ಕಾನೂನಿನ ಒಂದು ಮಾತು, ಏಕೆಂದರೆ ಬಟ್ಟೆಯ ಒಳಗಿಟ್ಟು ಒಯ್ಯುವುದು ಏನೋ ಗುಟ್ಟಿನ ಕೆಲಸ ಎಂಬ ಅಳುಕು ಹಲವರಲ್ಲಿದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕನ್ನು ಹೋಲ್ಸ್ಟರಿನಲ್ಲಿ ಅಥವಾ ಅಂಥದೇ ಚೀಲದಲ್ಲಿ ಇಡಬೇಕು, ಅದು ಪೂರ್ತಿ ಮುಚ್ಚಿರಬೇಕು ಮತ್ತು ಒಯ್ಯುವವರ ಹಿಡಿತದಲ್ಲಿಯೇ ಇರಬೇಕು. ಹೀಗಾಗಿ ಸೊಂಟದ ಮೇಲೆ ಎಲ್ಲರಿಗೂ ಕಾಣುವಂತೆ ಕಟ್ಟಿಕೊಂಡು ತಿರುಗುವುದೇ ತಪ್ಪು. ನಿಮ್ಮ ಲೈಸೆನ್ಸ್ ಯಾವ ವ್ಯಾಪ್ತಿಗೆ ಅನ್ವಯಿಸುತ್ತದೆ ಎಂಬುದನ್ನು ಲೈಸೆನ್ಸ್ ಪುಸ್ತಕದಲ್ಲಿ ಒಮ್ಮೆ ಓದಿಕೊಳ್ಳಿ. ಉಳಿದದ್ದೆಲ್ಲ ಯಂತ್ರದ ವಿಷಯ, ಮತ್ತು ಅದಕ್ಕಿಂತ ಹೆಚ್ಚಾಗಿ ಕೈಯ ಅಭ್ಯಾಸದ ವಿಷಯ.

ತೋಟಾದ ಹಿಂಬದಿಗೆ ಹೊಡೆಯುವ ಫೈರಿಂಗ್ ಪಿನ್ನಿನ ಮೇಲೆ ಬಡಿಯುವ ಸುತ್ತಿಗೆಯೇ ಹ್ಯಾಮರ್. ಹ್ಯಾಮರ್ ಇರುವ ಪಿಸ್ತೂಲಿನಲ್ಲಿ ಗುಂಡು ಹಾರಬೇಕಾದರೆ ಎರಡು ಕೆಲಸ ಆಗಬೇಕು. ಮುಖ್ಯ ಸ್ಪ್ರಿಂಗನ್ನು ಅದುಮಿ ಹ್ಯಾಮರನ್ನು ಹಿಂದಕ್ಕೆ ಎತ್ತಬೇಕು. ಆಮೇಲೆ ಅದನ್ನು ಹಿಡಿದಿರುವ ಸಿಯರ್ ಎಂಬ ಸಣ್ಣ ಕೊಕ್ಕೆಯನ್ನು ಬಿಡಿಸಬೇಕು. ಈ ಎರಡರಲ್ಲಿ ನಿಮ್ಮ ತೋರುಬೆರಳು ಎಷ್ಟನ್ನು ಮಾಡುತ್ತದೆ ಎಂಬುದರ ಮೇಲೆಯೇ ಎಲ್ಲ ಹೆಸರುಗಳೂ ನಿಂತಿವೆ. ಬೆರಳು ಕೊಕ್ಕೆಯನ್ನು ಮಾತ್ರ ಬಿಡಿಸಿದರೆ ಸಿಂಗಲ್ ಆ್ಯಕ್ಷನ್. ಹ್ಯಾಮರನ್ನು ಎತ್ತುವ ಕೆಲಸವನ್ನು ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ) ಅಥವಾ ಹೆಬ್ಬೆರಳು ಮೊದಲೇ ಮಾಡಿ ಮುಗಿಸಿರುತ್ತದೆ. ಎತ್ತುವುದನ್ನೂ ಬಿಡಿಸುವುದನ್ನೂ ಬೆರಳೇ ಮಾಡಿದರೆ ಡಬಲ್ ಆ್ಯಕ್ಷನ್. ಮೊದಲ ಗುಂಡಿಗೆ ಮಾತ್ರ ಬೆರಳು ಎರಡನ್ನೂ ಮಾಡಿ, ಆನಂತರದ ಗುಂಡುಗಳಿಗೆ ಸ್ಲೈಡೇ ಹ್ಯಾಮರನ್ನು ಎತ್ತಿ ಕೊಡುವ ವ್ಯವಸ್ಥೆಗೆ ಡಿಎ/ಎಸ್‌ಎ ಎನ್ನುತ್ತಾರೆ. ಪ್ರತಿ ಸಲವೂ ಬೆರಳೇ ಎರಡನ್ನೂ ಮಾಡಬೇಕಾದದ್ದು ಡಿಎಒ, ಅಂದರೆ ಡಬಲ್ ಆ್ಯಕ್ಷನ್ ಮಾತ್ರ.

ಎಳೆತದ ಭಾರವನ್ನು ಸ್ಪ್ರಿಂಗ್ ತಕ್ಕಡಿಯಿಂದ ಅಳೆದರೆ, ಸಿಂಗಲ್ ಆ್ಯಕ್ಷನ್ ಸಾಮಾನ್ಯವಾಗಿ 2 ಕಿಲೋದ ಆಸುಪಾಸಿನಲ್ಲಿ, ಬೆರಳು ಕೆಲವೇ ಮಿಲಿಮೀಟರ್ ಸರಿದಾಗ ಬಿಡುತ್ತದೆ. ಡಬಲ್ ಆ್ಯಕ್ಷನ್ ಎಳೆತ 4.5ರಿಂದ 5.5 ಕಿಲೋವರೆಗೆ ಇರುವುದು ರೂಢಿ. ಸಣ್ಣ, ಹಳೆಯ ಜೇಬು ಪಿಸ್ತೂಲುಗಳಲ್ಲಿ 6 ಕಿಲೋ ದಾಟುವುದೂ ಇದೆ, ಮತ್ತು ಬೆರಳು ಹೆಚ್ಚು ದೂರ ಸಾಗಬೇಕು. ಹೆಚ್ಚಿನವರು ಈ ಅಂಕಿಗಳನ್ನು ಕಂಡು ತೀರ್ಮಾನಕ್ಕೆ ಬಂದುಬಿಡುತ್ತಾರೆ: ಹಗುರವಾದರೆ ಗುರಿ ಚೆನ್ನಾಗಿರುತ್ತದೆ, ಆದ್ದರಿಂದ ಅದೇ ಒಳ್ಳೆಯದು ಎಂದು. ರೇಂಜಿನ ಮಟ್ಟಿಗೆ ಅದು ನಿಜ. ಆದರೆ ಸೊಂಟದಲ್ಲಿ ಪಿಸ್ತೂಲಿಟ್ಟು ಓಡಾಡುವವರು ಅದರಿಂದ ಗುಂಡು ಹಾರಿಸುವ ಪ್ರಸಂಗ ಬಹುತೇಕ ಎಂದಿಗೂ ಬರುವುದಿಲ್ಲ. ಅದನ್ನು ತುಂಬುವುದು, ಒಳಗಿಡುವುದು, ಹೊರತೆಗೆಯುವುದು, ಬರಿದು ಮಾಡುವುದು ಮಾತ್ರ ದಿನಾ ನಡೆಯುತ್ತದೆ. ಆದ್ದರಿಂದ ಟ್ರಿಗರ್ ವ್ಯವಸ್ಥೆಯನ್ನು ಆರಿಸುವಾಗ ಗುಂಡು ಹಾರುವ ಕ್ಷಣಕ್ಕಿಂತ, ಹ್ಯಾಮರ್ ಯಾವ ಸ್ಥಿತಿಯಲ್ಲಿ ಹೋಲ್ಸ್ಟರಿಗೆ ಹೋಗುತ್ತದೆ, ಆ ಸ್ಥಿತಿಗೆ ಅದನ್ನು ತರಲು ಕೈ ಏನು ಮಾಡಬೇಕು ಎಂಬುದನ್ನು ಮೊದಲು ನೋಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಸಿಂಗಲ್ ಆ್ಯಕ್ಷನ್ ಎಂದರೆ ಎಲ್ಲರಿಗೂ ನೆನಪಾಗುವುದು ಜಾನ್ ಬ್ರೌನಿಂಗ್ ರೂಪಿಸಿದ 1911ರ ಕೋಲ್ಟ್. ನಮ್ಮ ದೇಶದಲ್ಲಿ ಅದಕ್ಕಿಂತ ಪರಿಚಿತವಾದದ್ದು ಇಛಾಪುರದ ರೈಫಲ್ ಕಾರ್ಖಾನೆಯ 9 ಎಂ.ಎಂ. 1ಎ ಪಿಸ್ತೂಲು, ಸೇನೆಯವರ, ಪೊಲೀಸರ ಸೊಂಟದಲ್ಲಿ ದಶಕಗಳಿಂದ ಇರುವ ಇದು 1935ರ ಬ್ರೌನಿಂಗ್ ಹೈಪವರ್ ಮಾದರಿಯದು. 9 ಎಂ.ಎಂ. ನಿಷೇಧಿತ ಬೋರ್ ಆದ್ದರಿಂದ ಸಾಮಾನ್ಯ ನಾಗರಿಕ ಲೈಸೆನ್ಸಿಗೆ ಅದು ಸಿಗುವುದಿಲ್ಲ, ಆದರೂ ಅದರ ಟ್ರಿಗರನ್ನು ಗಮನಿಸುವುದರಿಂದ ಒಂದು ವಿಷಯ ತಿಳಿಯುತ್ತದೆ. 1911ರ ಕೋಲ್ಟಿನಲ್ಲಿ ಟ್ರಿಗರ್ ನೇರವಾಗಿ ಹಿಂದಕ್ಕೆ ಜಾರಿ ಸಿಯರನ್ನು ತಳ್ಳುತ್ತದೆ. ಹೈಪವರಿನಲ್ಲಾದರೋ ಟ್ರಿಗರ್ ಒಂದು ಕಡ್ಡಿಯನ್ನು ಮೇಲಕ್ಕೆತ್ತಬೇಕು, ಆ ಕಡ್ಡಿ ಸ್ಲೈಡಿನೊಳಗಿನ ಸನ್ನೆಯನ್ನು (ಲಿವರ್) ಒತ್ತಬೇಕು, ಆ ಸನ್ನೆ ಸಿಯರನ್ನು ಬಿಡಿಸಬೇಕು. ಇದರ ಜೊತೆಗೆ, ಮ್ಯಾಗಜೀನ್ ಇಲ್ಲದಾಗ ಗುಂಡು ಹಾರದಂತೆ ತಡೆಯುವ ಒಂದು ಭಾಗ ಮ್ಯಾಗಜೀನಿನ ಮೈಗೆ ಉಜ್ಜುತ್ತಿರುತ್ತದೆ. ಹೀಗಾಗಿ ಎರಡೂ ಸಿಂಗಲ್ ಆ್ಯಕ್ಷನ್ ಆದರೂ 1911ರದು ಕಡ್ಡಿ ಮುರಿದಂತೆ ಶುದ್ಧವಾಗಿ ಬಿಡುತ್ತದೆ, ಹೈಪವರಿನದು ಒರಟಾಗಿ ತಡವರಿಸುತ್ತದೆ. ವ್ಯವಸ್ಥೆಯ ಹೆಸರು ಒಂದೇ ಆದ ಮಾತ್ರಕ್ಕೆ ಎಳೆತವೂ ಒಂದೇ ಆಗಿರುವುದಿಲ್ಲ.

ಸಿಂಗಲ್ ಆ್ಯಕ್ಷನ್ ಪಿಸ್ತೂಲನ್ನು ಕೂಡಲೇ ಬಳಸುವಂತೆ ಒಯ್ಯಬೇಕೆಂದರೆ ಚೇಂಬರಿನಲ್ಲಿ (ನಳಿಗೆಯ ಹಿಂತುದಿಯ ಗೂಡು) ತೋಟಾ, ಹ್ಯಾಮರ್ ಹಿಂದೆ, ಸೇಫ್ಟಿ ಹಾಕಿದ ಸ್ಥಿತಿಯಲ್ಲಿ ಒಯ್ಯಬೇಕು. ನೋಡುವವರಿಗೆ ಎದೆ ಝಲ್ಲೆನ್ನುತ್ತದೆ. ಆದರೆ ಸುಸ್ಥಿತಿಯಲ್ಲಿರುವ 1911ರಲ್ಲಿ ಹೆಬ್ಬೆರಳ ಸೇಫ್ಟಿ ಸಿಯರನ್ನು ತಡೆದಿರುತ್ತದೆ, ಹಿಡಿಯ ಸೇಫ್ಟಿ ಟ್ರಿಗರನ್ನು ತಡೆದಿರುತ್ತದೆ. ಹೊರತೆಗೆಯುವಾಗ ಸೇಫ್ಟಿ ಇಳಿಸುವುದು, ಒಳಗಿಡುವ ಮೊದಲು ಏರಿಸುವುದು ಕೈಗೆ ತಾನಾಗಿ ಬರುವವರೆಗೆ ರೂಢಿಯಾಗಿದ್ದರೆ ಇದು ಒಳ್ಳೆಯ ವ್ಯವಸ್ಥೆ. ರೂಢಿ ಇಲ್ಲದವರ ಕೈಯಲ್ಲಿ ಎರಡು ಬಗೆಯ ತಪ್ಪು ಆಗುತ್ತದೆ: ಗಾಬರಿಯಲ್ಲಿ ಸೇಫ್ಟಿ ಇಳಿಸಲು ಮರೆಯುವುದು, ಅಥವಾ ಗಾಬರಿ ಇಳಿದ ಮೇಲೆ ಏರಿಸಲು ಮರೆತು 2 ಕಿಲೋ ಎಳೆತದ ಟ್ರಿಗರನ್ನು ಹಾಗೆಯೇ ಪ್ಯಾಂಟಿನೊಳಗೆ ತಳ್ಳುವುದು. ಎರಡನೆಯದೇ ಹೆಚ್ಚು ಭಯಂಕರ.

ನಿಮ್ಮ ಕೋಲ್ಟ್ ಈ ಕುಟುಂಬದ್ದೇ. ಹೊರಗೆ ಹ್ಯಾಮರ್ ಕಾಣಿಸದ 1903ರ ಮಾದರಿಯನ್ನು ಹ್ಯಾಮರ್ ಇಲ್ಲದ್ದು ಎಂದೇ ಕಂಪನಿ ಮಾರುತ್ತಿತ್ತು. ವಾಸ್ತವದಲ್ಲಿ ಹ್ಯಾಮರ್ ಇದೆ, ಸ್ಲೈಡಿನ ಹಿಂಭಾಗ ಅದನ್ನು ಮುಚ್ಚಿದೆ. ಜೇಬಿನಿಂದ ತೆಗೆಯುವಾಗ ಬಟ್ಟೆಗೆ ಸಿಕ್ಕಿಕೊಳ್ಳುವುದಿಲ್ಲ ಎಂಬುದು ಅದರ ಗುಣ. ಅದೇ ಅದರ ದೋಷವೂ ಹೌದು. ಹ್ಯಾಮರ್ ಎದ್ದಿದೆಯೋ ಬಿದ್ದಿದೆಯೋ ಕಣ್ಣಿಗೆ ಕಾಣುವುದಿಲ್ಲ, ಹೆಬ್ಬೆರಳಿಗೆ ಸಿಗುವುದಿಲ್ಲ. ತೋಟಾ ಇರುವಾಗ ಅದನ್ನು ಮೆಲ್ಲಗೆ ಇಳಿಸುವ ದಾರಿಯೇ ಇಲ್ಲ. ಫೈರಿಂಗ್ ಪಿನ್ನನ್ನು ತಡೆಯುವ ಪ್ರತ್ಯೇಕ ಭಾಗವೂ ಅದರಲ್ಲಿಲ್ಲ. ಆ ಮಾದರಿಯ ತಯಾರಿಕೆ 1940ರ ದಶಕದಲ್ಲೇ ನಿಂತಿತು. ಅಂದರೆ ನಿಮ್ಮ ಕೈಯಲ್ಲಿರುವುದು ಎಷ್ಟೇ ಹೊಸದೆಂದರೂ ಎಂಬತ್ತು ವರ್ಷದ ಆಜುಬಾಜಿನದು, ಅದರ ಸಿಯರಿನ ಅಂಚು ಎಷ್ಟು ಸವೆದಿದೆಯೋ ಬಿಚ್ಚಿ ನೋಡದೆ ಹೇಳಲಾಗದು. ಅದನ್ನು ಚೇಂಬರಿನಲ್ಲಿ ತೋಟಾ ಇಟ್ಟು, ಬೆಂಗಳೂರಿನ ಗುಂಡಿಗಳ ಮೇಲೆ ಸ್ಕೂಟರಿನಲ್ಲಿ, ಸೊಂಟಕ್ಕೆ ಕಟ್ಟಿಕೊಂಡು ಹೋಗುವುದನ್ನು ನಾನು ಒಪ್ಪುವುದಿಲ್ಲ. ಒಯ್ಯಲೇಬೇಕಾದರೆ ಚೇಂಬರ್ ಖಾಲಿ ಇರಲಿ. ಹಾಗೆ ಒಯ್ದರೆ ಬಳಸುವ ಮುನ್ನ ಸ್ಲೈಡ್ ಎಳೆಯಲು ಎರಡು ಕೈ ಬೇಕು. ಒಂದು ಕೈಯಲ್ಲಿ ಮಾಲಿನ ಚೀಲವನ್ನು ಹಿಡಿದಿರುವವರಿಗೆ ಅದು ಸಣ್ಣ ತೊಡಕಲ್ಲ.

ಡಿಎ/ಎಸ್‌ಎ ವ್ಯವಸ್ಥೆಯನ್ನು ಜೇಬು ಪಿಸ್ತೂಲಿಗೆ ತಂದು ಯಶಸ್ವಿಯಾಗಿಸಿದ್ದೇ 1929ರ ವಾಲ್ಥರ್ ಪಿಪಿ. ಬೆರೆಟ್ಟಾ 92, ಸಿಗ್ ಪಿ226, ಸಿಝಡ್ 75 ಮೊದಲಾದವುಗಳಲ್ಲಿ ಕಾಣುವುದು ಇದೇ ಆಲೋಚನೆ, ಆದರೆ ಹ್ಯಾಮರನ್ನು ಇಳಿಸುವ ಬಗೆ ಒಂದೊಂದರಲ್ಲಿ ಒಂದೊಂದು ರೀತಿ, ಮತ್ತು ಒಯ್ಯುವವರ ದೃಷ್ಟಿಯಿಂದ ಇರುವ ದೊಡ್ಡ ವ್ಯತ್ಯಾಸವೇ ಅದು. ಪಿಪಿಯಲ್ಲೂ ಬೆರೆಟ್ಟಾ 92ರ ಸಾಮಾನ್ಯ ಆವೃತ್ತಿಯಲ್ಲೂ ಸ್ಲೈಡಿನ ಮೇಲಿನ ಸನ್ನೆಯನ್ನು ಕೆಳಗೆ ಒತ್ತಿದರೆ ಹ್ಯಾಮರ್ ಸುರಕ್ಷಿತವಾಗಿ ಬೀಳುತ್ತದೆ, ಸನ್ನೆ ಸೇಫ್ಟಿಯಾಗಿ ಅಲ್ಲೇ ನಿಲ್ಲುತ್ತದೆ. ಸಿಗ್‌ನಲ್ಲಿ ಸನ್ನೆ ಚೌಕಟ್ಟಿನ ಪಕ್ಕದಲ್ಲಿದೆ, ಹ್ಯಾಮರನ್ನು ಇಳಿಸಿ ತಾನಾಗಿ ಮೇಲೆ ಬರುತ್ತದೆ, ಬೇರೆ ಸೇಫ್ಟಿ ಇಲ್ಲ. ಹೀಗೆ ಹ್ಯಾಮರನ್ನು ಸುರಕ್ಷಿತವಾಗಿ ಇಳಿಸುವ ಸನ್ನೆಗೆ ಡಿಕಾಕರ್ ಎಂದು ಹೆಸರು. ಡಿಕಾಕರ್ ಇರುವ ಸಿಝಡ್‌ಗಳಲ್ಲಿ ಹ್ಯಾಮರ್ ಪೂರ್ತಿ ಕೆಳಗಿಳಿಯದೆ ಅರ್ಧದಲ್ಲಿ ನಿಲ್ಲುತ್ತದೆ, ಅದರಿಂದ ಮೊದಲ ಎಳೆತ ಸ್ವಲ್ಪ ಚಿಕ್ಕದಾಗುತ್ತದೆ. ಆದರೆ ಮೂಲ ಸಿಝಡ್ 75ರಲ್ಲಿ ಡಿಕಾಕರೇ ಇಲ್ಲ: ತೋಟಾ ತುಂಬಿರುವಾಗ ಟ್ರಿಗರ್ ಒತ್ತಿಕೊಂಡೇ ಹ್ಯಾಮರನ್ನು ಹೆಬ್ಬೆರಳಿನಿಂದ ತಡೆದು ಇಳಿಸಬೇಕು. ಬೆವರಿದ ಹೆಬ್ಬೆರಳು ಒಮ್ಮೆ ಜಾರಿದರೂ ಮನೆಯೊಳಗೆ ಗುಂಡು. ಡಬಲ್ ಆ್ಯಕ್ಷನ್ ಇದೆ ಎಂಬ ಕಾರಣಕ್ಕೆ ಇಂಥ ಪಿಸ್ತೂಲನ್ನು ಮೆಚ್ಚಿ, ದಿನವೂ ಬೆಳಿಗ್ಗೆ ಹ್ಯಾಮರನ್ನು ಕೈಯಲ್ಲಿ ಇಳಿಸುವವರನ್ನು ಕಂಡಿದ್ದೇನೆ. ಅದರ ಬದಲು ಆ ಪಿಸ್ತೂಲಿನಲ್ಲೇ ಇರುವ ಸೇಫ್ಟಿ ಹಾಕಿ ಸಿಂಗಲ್ ಆ್ಯಕ್ಷನ್ನಿನಂತೆ ಒಯ್ಯುವುದು ಮೇಲು.

ಡಿಎ/ಎಸ್‌ಎ ಬಗ್ಗೆ ಎಲ್ಲರೂ ಹೇಳುವ ದೂರು, ಮೊದಲ ಗುಂಡಿನ ಎಳೆತ ಭಾರ, ಎರಡನೆಯದರದು ಹಗುರ, ಹೀಗಾಗಿ ಕೈ ತಬ್ಬಿಬ್ಬಾಗುತ್ತದೆ ಎಂಬುದು. ದೂರು ಸುಳ್ಳಲ್ಲ. ಬಲಗೈಯವರ ಮೊದಲ ಗುಂಡು ಕೆಳಗೆ ಎಡಕ್ಕೆ ಸರಿಯುವುದು, ಎರಡನೆಯದು ಅಂದುಕೊಂಡದ್ದಕ್ಕಿಂತ ಮೊದಲೇ ಹೊರಟುಬಿಡುವುದು ರೇಂಜಿನಲ್ಲಿ ದಿನನಿತ್ಯದ ನೋಟ. ಆದರೆ ಇದು ಖಾಲಿ ಪಿಸ್ತೂಲಿನ ಅಭ್ಯಾಸದಿಂದಲೇ ಬಹುಪಾಲು ಸರಿಹೋಗುತ್ತದೆ. ಲೈಸೆನ್ಸಿನಲ್ಲಿ ವರ್ಷಕ್ಕೆ ಇಷ್ಟೇ ತೋಟಾ ಎಂಬ ಮಿತಿ ಇರುವ ನಮ್ಮಂಥವರಿಗೆ ಅದೇ ದೊಡ್ಡ ಅನುಕೂಲ: ಡಬಲ್ ಆ್ಯಕ್ಷನ್ನಿನ ಉದ್ದ ಎಳೆತವನ್ನು ಸ್ಲೈಡ್ ಎಳೆಯದೆ, ತೋಟಾ ಖರ್ಚಿಲ್ಲದೆ, ಮನೆಯಲ್ಲೇ ಮತ್ತೆ ಮತ್ತೆ ಸಾಧಿಸಬಹುದು. ತೋಟಾಗಳು ಬೇರೆ ಕೋಣೆಯಲ್ಲಿರಲಿ, ನಳಿಗೆಯ ಎದುರು ಗಟ್ಟಿ ಗೋಡೆಯಿರಲಿ, ಹಳೆಯ ಪಿಸ್ತೂಲಾದರೆ ಫೈರಿಂಗ್ ಪಿನ್ನಿಗೆ ಪೆಟ್ಟಾಗದಂತೆ ಚೇಂಬರಿನಲ್ಲಿ ಡಮ್ಮಿ ತೋಟಾ ಇರಲಿ.

ನನಗೆ ಹೆಚ್ಚು ಚಿಂತೆ ತರುವ ತಪ್ಪು ಬೇರೆ. ಗುಂಡು ಹಾರಿಸಿದ ಮೇಲೆ ಹ್ಯಾಮರ್ ಎದ್ದೇ ಇರುತ್ತದೆ. ಡಿಕಾಕ್ ಮಾಡದೆ ಒಳಗಿಟ್ಟರೆ ಸೇಫ್ಟಿಯೂ ಇಲ್ಲದ ಹಗುರ ಟ್ರಿಗರ್ ಸೊಂಟದಲ್ಲಿ ಕುಳಿತಿರುತ್ತದೆ. ಇದಕ್ಕೆ ಪರಿಹಾರ ಹ್ಯಾಮರ್ ಇರುವ ಪಿಸ್ತೂಲಿನ ವಿಶೇಷ ಸೌಕರ್ಯದಲ್ಲೇ ಇದೆ. ಒಳಗಿಡುವಾಗ ತೋರುಬೆರಳನ್ನು ಚೌಕಟ್ಟಿನ ಉದ್ದಕ್ಕೆ ನೇರವಾಗಿ ಚಾಚಿ, ಹೆಬ್ಬೆರಳನ್ನು ಹ್ಯಾಮರಿನ ಬೆನ್ನ ಮೇಲೆ ಒತ್ತಿಟ್ಟು, ನಿಧಾನವಾಗಿ ಇಳಿಸಿ. ಹ್ಯಾಮರ್ ಎದ್ದಿದ್ದರೆ ಹೆಬ್ಬೆರಳಿಗೆ ತಕ್ಷಣ ಗೊತ್ತಾಗುತ್ತದೆ. ಬಿದ್ದಿದ್ದರೆ, ಅಂಗಿಯ ಅಂಚೋ ಜುಬ್ಬದ ಲಾಡಿಯೋ ಟ್ರಿಗರಿಗೆ ಸಿಕ್ಕಿ ಎಳೆದಾಗ ಹ್ಯಾಮರ್ ಹಿಂದಕ್ಕೆ ಏಳತೊಡಗಿ ಹೆಬ್ಬೆರಳನ್ನು ತಳ್ಳುತ್ತದೆ, ಅಲ್ಲೇ ನಿಲ್ಲಿಸಬಹುದು. ಹ್ಯಾಮರ್ ಇಲ್ಲದ, ಅದರ ಬದಲು ಸ್ಲೈಡಿನೊಳಗೆ ಸ್ಟ್ರೈಕರ್ ಎಂಬ ಸ್ಪ್ರಿಂಗ್ ಪಿನ್ ಇರುವ ಇಂದಿನ ಬಹುತೇಕ ಪಿಸ್ತೂಲುಗಳಲ್ಲಿ ಹೀಗೆ ಕೊನೆಯ ಗಳಿಗೆಯಲ್ಲಿ ಎಚ್ಚರಿಸುವ ಯಾವುದೂ ಇರುವುದಿಲ್ಲ. ಇದೊಂದೇ ಕಾರಣಕ್ಕೆ ಡಿಎ/ಎಸ್‌ಎಯನ್ನು ಮೆಚ್ಚುವವರಿದ್ದಾರೆ, ನಾನೂ ಅವರಲ್ಲಿ ಒಬ್ಬ.

ಡಿಎಒ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಪ್ರತಿ ಎಳೆತವೂ ಒಂದೇ ತೂಕ, ಇಳಿಸಲು ಹ್ಯಾಮರೇ ಎದ್ದಿರುವುದಿಲ್ಲ, ನೆನಪಿಡಬೇಕಾದ ಸನ್ನೆಗಳಿಲ್ಲ. ಬದಲಿಗೆ ಎಲ್ಲ ಗುಂಡುಗಳೂ ಉದ್ದ ಎಳೆತದವು. ಭಾರತದಲ್ಲಿ ಇದರ ಗುಣ ಬೇಕೆನ್ನುವವರಿಗೆ ಸುಲಭವಾಗಿ ಸಿಗುವುದು .32 ರಿವಾಲ್ವರ್, ಕಾನ್ಪುರದ ಕಾರ್ಖಾನೆಯದಾಗಲಿ, 2014ರಲ್ಲಿ ಬಂದ ನಿರ್ಭೀಕ್ ಆಗಲಿ, ಹ್ಯಾಮರನ್ನು ಕೈಯಿಂದ ಎಳೆಯದೆ ಡಬಲ್ ಆ್ಯಕ್ಷನ್ನಿನಲ್ಲಷ್ಟೇ ಬಳಸಿದರೆ ಅದೇ ಅನುಭವ. ಒಂದು ಎಚ್ಚರಿಕೆ: .32 ರಿವಾಲ್ವರಿನ ತೋಟಾ ಬೇರೆ, .32 ಪಿಸ್ತೂಲಿನ ತೋಟಾ ಬೇರೆ. ಬೋರಿನ ಅಂಕಿ ಒಂದೇ ಎಂದು ಒಂದರದನ್ನು ಇನ್ನೊಂದಕ್ಕೆ ಕೊಳ್ಳಬೇಡಿ.

ಈಗ ನಿಮ್ಮ ತಮ್ಮನ ಎಲ್‌ಇಎಂ. ಹೆಕ್ಲರ್ ಆ್ಯಂಡ್ ಕಾಕ್ ಕಂಪನಿ ಕಾನೂನು ಜಾರಿ ಸಂಸ್ಥೆಗಳನ್ನು ಗಮನದಲ್ಲಿಟ್ಟು ರೂಪಿಸಿದ ಈ ವ್ಯವಸ್ಥೆಯಲ್ಲಿ ಹ್ಯಾಮರ್ ಎರಡು ಭಾಗಗಳಲ್ಲಿದೆ. ಸ್ಲೈಡ್ ಹಿಂದೆ ಹೋದಾಗ ಒಳಗಿನ ಭಾಗವೊಂದು ಮುಖ್ಯ ಸ್ಪ್ರಿಂಗನ್ನು ಅದುಮಿ ಹಿಡಿದುಕೊಳ್ಳುತ್ತದೆ, ಹೊರಗೆ ಕಾಣುವ ಹ್ಯಾಮರ್ ಮಾತ್ರ ಮುಂದಕ್ಕೆ ಬಂದು ಮಲಗುತ್ತದೆ. ಬೆರಳು ಎಳೆದಾಗ ಆ ಹೊರ ಹ್ಯಾಮರ್ ಹಗುರವಾಗಿ ಹಿಂದಕ್ಕೇಳುತ್ತದೆ, ಕೊನೆಯಲ್ಲಿ ಒಂದು ಗೋಡೆ ಎದುರಾದಂತಾಗಿ ಬಿಡುತ್ತದೆ. ಆವೃತ್ತಿಗೆ ತಕ್ಕಂತೆ ಎಳೆತ ಸುಮಾರು 2ರಿಂದ 3.5 ಕಿಲೋ. ತೋಟಾ ಹಾರದೆ ಉಳಿದರೆ ಅದೇ ಟ್ರಿಗರನ್ನು ಮತ್ತೆ ಎಳೆಯಬಹುದು, ಆದರೆ ಆಗ ಸ್ಪ್ರಿಂಗನ್ನೂ ಬೆರಳೇ ಅದುಮಬೇಕಾದ್ದರಿಂದ ಭಾರ ಏರುತ್ತದೆ. ಉದ್ದ ಎಳೆತದ ಎಚ್ಚರ, ಹಗುರ ಎಳೆತದ ಗುರಿ, ಎಲ್ಲ ಗುಂಡಿಗೂ ಒಂದೇ ಬಗೆ, ಡಿಕಾಕ್ ಮಾಡುವ ಗೋಜಿಲ್ಲ, ಮೇಲಾಗಿ ಒಳಗಿಡುವಾಗ ಹೆಬ್ಬೆರಳಿಗೆ ಸಿಗುವ ಹ್ಯಾಮರ್. ನಿಮ್ಮ ತಮ್ಮನ ಮಾತನ್ನು ತಳ್ಳಿಹಾಕುವಂತಿಲ್ಲ. ಟ್ರಿಗರ್ ಮರಳಿ ಮುಂದಕ್ಕೆ ಬರಬೇಕಾದ ದೂರ ಹೆಚ್ಚು ಎಂಬುದಷ್ಟೇ ಕೊರತೆ. ಆದರೆ ಅವರ ಪಿಸ್ತೂಲು ಅಲ್ಲಿನ ಅಂಗಡಿಯಲ್ಲಿ ಸಿಗುವಂಥದ್ದು. ಇಲ್ಲಿ 9 ಎಂ.ಎಂ. ನಮಗಿಲ್ಲ, ಸಾಮಾನ್ಯ ನಾಗರಿಕರಿಗೆ ವಿದೇಶಿ ಕೈಬಂದೂಕುಗಳ ಆಮದು 1980ರ ದಶಕದಿಂದಲೇ ನಿಂತಿದೆ, ಹೀಗಾಗಿ ಪೇಟೆಯಲ್ಲಿರುವುದು ದೇಶೀ ತಯಾರಿಕೆ ಮತ್ತು ಕೈಯಿಂದ ಕೈಗೆ ಬಂದ ಹಳೆಯವು. ದೊರೆಯದ ಟ್ರಿಗರಿಗೆ ದೊರೆಯುವುದನ್ನು ಹೋಲಿಸುತ್ತ ಕೂರುವುದರಿಂದ ನಿಮಗೆ ಪ್ರಯೋಜನವಿಲ್ಲ.

ನಿಮ್ಮ ಮುಂದಿರುವ ಎರಡರಲ್ಲಿ, ಒಯ್ಯಲು ನಾನು ಪಿಪಿಯನ್ನೇ ಹೇಳುತ್ತೇನೆ. ಅದರ ಮೊದಲ ಎಳೆತ ನಿಜಕ್ಕೂ ಭಾರ, ಬೆರಳು ನೋಯುವಷ್ಟು. ಆದರೂ ಹ್ಯಾಮರ್ ಕಣ್ಣಿಗೆ ಕಾಣುತ್ತದೆ, ಡಿಕಾಕ್ ಮಾಡಲು ಸನ್ನೆಯಿದೆ, ಟ್ರಿಗರ್ ಒತ್ತದೆ ಹ್ಯಾಮರ್ ಪಿನ್ನನ್ನು ಮುಟ್ಟದಂತೆ ಒಳಗೆ ತಡೆಯಿದೆ, ಚೇಂಬರಿನಲ್ಲಿ ತೋಟಾ ಇದ್ದರೆ ಹ್ಯಾಮರಿನ ಮೇಲುಗಡೆ ಸಣ್ಣ ಪಿನ್ನೊಂದು ಹೊರಚಾಚಿ ಕತ್ತಲಲ್ಲೂ ಬೆರಳಿಗೆ ತಿಳಿಸುತ್ತದೆ. ಡಿಕಾಕ್ ಮಾಡಿದ ಮೇಲೆ ಸನ್ನೆಯನ್ನು ಕೆಳಗೇ ಬಿಡಬೇಕೋ ಮೇಲೆತ್ತಬೇಕೋ ಎಂಬುದರಲ್ಲಿ ಎರಡು ಮತಗಳಿವೆ. ಟ್ರಿಗರನ್ನು ಪೂರ್ತಿ ಮುಚ್ಚುವ ಗಟ್ಟಿ ಹೋಲ್ಸ್ಟರ್ ಇದ್ದರೆ ಮೇಲೆತ್ತಿಟ್ಟು ಉದ್ದ ಎಳೆತವನ್ನೇ ನಂಬುವುದು ಸರಿ ಎಂದು ನನ್ನ ಎಣಿಕೆ. ಚೀಲದಲ್ಲೋ ಮೆತ್ತನೆಯ ಪೌಚಿನಲ್ಲೋ ಇಡುವುದಾದರೆ ಸನ್ನೆ ಕೆಳಗೇ ಇರಲಿ.

ಎರಡನ್ನೂ ಇಟ್ಟುಕೊಳ್ಳಲು ಕಾನೂನಿನ ಅಡ್ಡಿಯಿಲ್ಲ. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡು ಬಂದೂಕುಗಳ ಮಿತಿ. ಆದರೆ ಒಂದು ದಿನ ಇದು, ಒಂದು ದಿನ ಅದು ಎಂದು ಒಯ್ಯಬೇಡಿ. ಕೋಲ್ಟಿನ ಸೇಫ್ಟಿಯನ್ನು ಕೆಳಗೆ ಒತ್ತಿದರೆ ಗುಂಡು ಹಾರಲು ಸಿದ್ಧ; ಪಿಪಿಯದನ್ನು ಕೆಳಗೆ ಒತ್ತಿದರೆ ಅದು ಬಂದ್. ಒಂದಕ್ಕೆ ಪಳಗಿದ ಹೆಬ್ಬೆರಳು ಇನ್ನೊಂದರ ಮೇಲೆ ಸರಿಯಾಗಿ ತಲೆಕೆಳಗಾದ ಕೆಲಸ ಮಾಡುತ್ತದೆ. ತಂದೆಯವರ ಕೋಲ್ಟ್ ಮನೆಯ ತಿಜೋರಿಯಲ್ಲೇ ಇರಲಿ.

ಮತ್ತೊಂದು ವಿಷಯ, ದಿನವೂ ಬೆಳಿಗ್ಗೆ ತುಂಬಿ ರಾತ್ರಿ ಬರಿದು ಮಾಡುವವರಿಗೆ. ಒಂದೇ ತೋಟಾವನ್ನು ಮತ್ತೆ ಮತ್ತೆ ಚೇಂಬರಿಗೆ ತಳ್ಳುತ್ತಿದ್ದರೆ ಗುಂಡು ಕ್ರಮೇಣ ಒಳಕ್ಕೆ ಕುಸಿಯುತ್ತದೆ, ಆಗ ಒಳಗಿನ ಒತ್ತಡ ಅಪಾಯಕರವಾಗಿ ಏರಬಹುದು. ಹೊಸ ತೋಟಾದ ಪಕ್ಕದಲ್ಲಿ ನಿಲ್ಲಿಸಿ ಎತ್ತರ ನೋಡಿ. ಗಿಡ್ಡವಾಗಿದ್ದರೆ ಅದನ್ನು ಬಳಸಬೇಡಿ. ಸಾಧ್ಯವಿದ್ದರೆ ಪಿಸ್ತೂಲನ್ನು ಹೋಲ್ಸ್ಟರಿನ ಸಮೇತ ತುಂಬಿದಂತೆಯೇ ಬೀಗದ ತಿಜೋರಿಯಲ್ಲಿಟ್ಟು, ಬರಿದು ಮಾಡುವ ಸಂದರ್ಭಗಳನ್ನು ಕಡಿಮೆ ಮಾಡಿ. ಮನೆಯಲ್ಲಿ ಮಕ್ಕಳಿದ್ದರೆ ಈ ಸಲಹೆ ತಿಜೋರಿಯ ಬೀಗ ನಿಮ್ಮೊಬ್ಬರ ಕೈಯಲ್ಲಿದ್ದಾಗ ಮಾತ್ರ.

ಪಿಪಿಯನ್ನು ಕೊಳ್ಳುವ ಮುನ್ನ ಡೀಲರ್ ಎದುರಿಗೇ ಪರೀಕ್ಷಿಸಿ. ಸವೆದ ಹಳೆಯ ಪಿಸ್ತೂಲುಗಳಲ್ಲಿ ಡಿಕಾಕ್ ಮಾಡುವಾಗಲೇ ಗುಂಡು ಹಾರಿದ್ದುಂಟು, ಆದ್ದರಿಂದ ಇದನ್ನು ಬಿಡಬೇಡಿ. ಮ್ಯಾಗಜೀನ್ ತೆಗೆದು, ಸ್ಲೈಡ್ ಎಳೆದು, ಚೇಂಬರ್ ಖಾಲಿ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಳ್ಳಿ. ಹ್ಯಾಮರನ್ನು ಎತ್ತಿ, ಟ್ರಿಗರ್ ಮುಟ್ಟದೆ, ಹೆಬ್ಬೆರಳಿನಿಂದ ಅದನ್ನು ಮುಂದಕ್ಕೆ ಗಟ್ಟಿಯಾಗಿ ತಳ್ಳಿ. ಬಿದ್ದರೆ ಸಿಯರ್ ಹೋಗಿದೆ. ಆಮೇಲೆ ನಳಿಗೆಯನ್ನು ಮೇಲಕ್ಕೆ ಮಾಡಿ ಒಂದು ಸಾಧಾರಣ ಪೆನ್ಸಿಲನ್ನು ಹಿಂಬದಿ ಕೆಳಗಾಗಿ ಒಳಗೆ ಬಿಡಿ; .32 ಪಿಸ್ತೂಲಿನ ನಳಿಗೆ 7.65 ಮಿಲಿಮೀಟರಿನದು, ಪೆನ್ಸಿಲ್ ಸಲೀಸಾಗಿ ಇಳಿಯುತ್ತದೆ. ಹ್ಯಾಮರ್ ಎತ್ತಿ ಸನ್ನೆಯನ್ನು ಕೆಳಗೆ ಒತ್ತಿ ಡಿಕಾಕ್ ಮಾಡಿದಾಗ ಪೆನ್ಸಿಲ್ ಕದಲಬಾರದು. ಸನ್ನೆಯನ್ನು ಮೇಲೆತ್ತಿ ಟ್ರಿಗರನ್ನು ಪೂರ್ತಿ ಎಳೆದಾಗ ಅದು ಚಿಮ್ಮಬೇಕು. ಡಿಕಾಕ್ ಮಾಡುವಾಗ ಪೆನ್ಸಿಲ್ ಕೂದಲೆಳೆಯಷ್ಟು ಹಾರಿದರೂ ಆ ಪಿಸ್ತೂಲನ್ನು ಲೈಸೆನ್ಸ್ ಪಡೆದ ಆರ್ಮರರ್ (ಬಂದೂಕು ರಿಪೇರಿಯವರು) ದುರಸ್ತಿ ಮಾಡಿ ಮತ್ತೆ ಇದೇ ಪರೀಕ್ಷೆಯನ್ನು ತೋರಿಸುವವರೆಗೆ ಹಣ ಕೊಡಬೇಡಿ.